ಕಣದ ಕಂಬಳಿ

ಸಂಪಿಗೆಕೊಪ್ಪದಲ್ಲಿ ತೊಟ್ಟಿಲು ಕಟ್ಟಿದ ಮನೆ ಒಂದೇ ಇತ್ತು. ಅದೂ ಊರಿನವರದಲ್ಲ. ಗಡಿಯಾಚೆ ಹಿರೇಕೆರೂರು ಕಡೆಯಿಂದ ಬಂದು ನೆಲೆಸಿದ್ದ ಜಟ್ಟಪ್ಪನದು.

ತೊಗರ್ಸಿಯಿಂದ ಆನವಟ್ಟಿಗೆ ಹೋಗುವ ಗಾಡಿದಾರಿಯಲ್ಲಿ, ಶಿಕಾರಿಪುರ ಸೊರಬ ತಾಲ್ಲೂಕುಗಳು ಕೂಡುವ ಕಡೆ ಆ ಊರು. ಕೆರೆಯಿತ್ತು, ಕೆರೆಯ ಕೆಳಗೆ ಒಳ್ಳೆಯ ಗದ್ದೆಯಿತ್ತು, ಈಶ್ವರನ ಗುಡಿಯಿತ್ತು. ಹರೆಯದ ಜನ ಮಾತ್ರ ಇರಲಿಲ್ಲ. ಸರ್ಕಾರದವರು ಬಂದು ಗೋಡೆಗಳಿಗೆ ಸೊಳ್ಳೆಯ ಔಷಧ ಹೊಡೆಯುವ ಹೊತ್ತಿಗೆ ಚಳಿಜ್ವರ ತನ್ನ ಕೆಲಸ ಮುಗಿಸಿತ್ತು. ಕೂಸುಗಳನ್ನು ಒಯ್ದಿತ್ತು, ಬಾಣಂತಿಯರನ್ನು ಒಯ್ದಿತ್ತು, ಮೀಸೆ ಮೂಡುತ್ತಿದ್ದ ಹುಡುಗರನ್ನು ಒಯ್ದಿತ್ತು. ಉಳಿದವರು ಜ್ವರಕ್ಕೂ ಬೇಡವಾದ ಗಟ್ಟಿ ಜೀವಗಳು. ಯಾರನ್ನು ಕರೆಯಬೇಕು, ಯಾರನ್ನು ಬಿಡಬೇಕು ಎಂಬುದು ಶಿವನ ಚಿತ್ತ. ಹೆತ್ತವರು ಮಣ್ಣು ಹಾಕಿ ಮನೆಗೆ ಬಂದು ಮತ್ತೆ ಒಲೆ ಹಚ್ಚಬೇಕು. ಅದು ಹೇಗೆ ಎಂದು ಆತ ಯಾರಿಗೂ ಹೇಳಿಕೊಟ್ಟಿಲ್ಲ.

ಊರಿನಲ್ಲಿ ಒಂದು ಕಟ್ಟಳೆಯಿತ್ತು. ಕೆರೆಯ ತೂಬು ನೋಡುವ ನೀರುಗಂಟಿ, ಊರು ಕಾಯುವ ತಳವಾರ, ಹೆರಿಗೆ ಮಾಡಿಸುವ ಸೂಲಗಿತ್ತಿ, ಇವರಲ್ಲಿ ಯಾರಿಗೆ ಕೈಲಾಗದೆ ಹೋದರೂ ಅವರ ಕೆಲಸವನ್ನೂ ಅದಕ್ಕೆಂದು ಬಿಟ್ಟ ಗದ್ದೆಯನ್ನೂ ಹಿಡಿದವರು ಅವರಿಗೆ ಸಾಯುವ ತನಕ ಊಟ ಹಾಕಬೇಕು. ಹಿಂದೆ ಒಬ್ಬ ಮುದುಕನಿಗೆ ಒಂದು ಮನೆ ಇರುತ್ತಿತ್ತು. ಈಗ ಕೆಲಸ ಹಿಡಿಯಲು ಬರುವವರೇ ಇಲ್ಲ. ನೀರುಗಂಟಿ ಮಾಸ್ತಪ್ಪನ ಮಂಡಿ ಹೋದಾಗ ತೂಬು ಜಟ್ಟಪ್ಪನಿಗೆ ಬಂತು. ತಳವಾರ ದೊಡ್ಡಬೀರಪ್ಪನ ಕಣ್ಣು ಹೋದಾಗ ಕಾವಲೂ ಜಟ್ಟಪ್ಪನಿಗೇ ಬಂತು. ಸೂಲಗಿತ್ತಿ ಮೂಕಮ್ಮನ ಕೈ ನಡುಗತೊಡಗಿದ ಮೇಲೆ ಆ ಕೆಲಸ ಜಟ್ಟಪ್ಪನ ಹೆಂಡತಿ ಹೂವಮ್ಮನಿಗೆ ಬಂತು. ಹೊತ್ತು ಮುಳುಗುವ ಮುಂಚೆ ಮೂವರೂ ತಮ್ಮ ತಮ್ಮ ತಟ್ಟೆ ಹಿಡಿದು ಅವನ ಜಗಲಿಗೆ ಬಂದು ಕೂರುತ್ತಿದ್ದರು.

ಇದಲ್ಲದೆ ವರ್ಷಕ್ಕೊಮ್ಮೆ ಕಣದ ಕಂಬಳಿ. ಊರಿನ ಭತ್ತವೆಲ್ಲ ಒಂದೇ ಕಣದಲ್ಲಿ ಒಕ್ಕಲಾಗಿ ರಾಶಿಯಾದಾಗ, ಅಳತೆಗೆ ಮೊದಲು ಅಂಚಿನಲ್ಲಿ ಕರಿ ಕಂಬಳಿ ಹಾಸುತ್ತಿದ್ದರು. ದುಡಿಯಲಾಗದ ಮುದುಕರು ಅದರ ಮೇಲೆ ಕೂತು ಅಂಚು ಹಿಡಿಯಬೇಕು. ಪಟೇಲರು ಬಂದು ಒಬ್ಬೊಬ್ಬರನ್ನೇ ನೋಡುವರು. ಕೂರಬಾರದವರು ಕೂತಿದ್ದರೆ ರಟ್ಟೆ ಹಿಡಿದು ಎಬ್ಬಿಸುವರು. ಇಲ್ಲದಿದ್ದರೆ ಅಂಗೈ ಎತ್ತುವರು. ಅಂಗೈ ಎತ್ತಿದ ಮೇಲೆ ಕೊಳಗದಿಂದ ಭತ್ತ ಸುರಿಯುವುದು. ಒಮ್ಮೆ ಸುರಿಸಿಕೊಂಡವನು ಊರಿನವನಾದ. ಅವನ ಪಾಲು ವರ್ಷವರ್ಷವೂ ಅವನಿಗೆ ಊಟ ಹಾಕುವ ಮನೆಗೆ ಹೋಗುತ್ತದೆ. ಅವನು ಸತ್ತರೆ ಪಟೇಲರೇ ಮಗನ ಹಾಗೆ ಮೊದಲ ಹೆಗಲು ಕೊಡಬೇಕು.

ರಾಶಿಯ ಸುತ್ತ ಬೂದಿಯ ಗೆರೆ ಎಳೆದಾಗಿನಿಂದ, ಅಳೆಯುವ ಗಂಗಾಧರಪ್ಪನವರು ಕೊನೆಯ ಕೊಳಗ ಸುರಿದು ‘ಹುಲುಸಾಗಲಿ’ ಎನ್ನುವ ತನಕ ಕಣದಲ್ಲಿ ಯಾರೂ ಬಾಯಿ ಬಿಡಬಾರದು. ಕೆಮ್ಮು ಬಂದರೆ ಹೆಗಲ ವಸ್ತ್ರ ಕಚ್ಚಿಕೊಳ್ಳಬೇಕು. ಕೂಗಿದರೆ ರಾಶಿಯ ಲಕ್ಷ್ಮಿ ಬೆದರಿ ಎದ್ದು ಹೋಗುತ್ತಾಳೆ ಎಂಬ ನಂಬಿಕೆ. ಹಿಂದೊಮ್ಮೆ ಕುಡಿದು ಬಂದವನೊಬ್ಬ ರಾಶಿಯ ಮುಂದೆ ಕೇಕೆ ಹಾಕಿದ್ದ. ಆ ಮಳೆಗಾಲದಲ್ಲೇ ಪಟೇಲ ಶಿವಮೂರ್ತಪ್ಪನವರ ಇಬ್ಬರು ಗಂಡುಮಕ್ಕಳು ಜ್ವರದಲ್ಲಿ ಹೋದರು. ಜ್ವರಕ್ಕೂ ಕೇಕೆಗೂ ಸಂಬಂಧವಿಲ್ಲವೆಂದು ಔಷಧ ಹೊಡೆಯಲು ಬಂದವರು ಹೇಳಿದರು. ಪಟೇಲರು ಕೇಳಿಸಿಕೊಂಡರು, ನಂಬಲಿಲ್ಲ.

ಕನ್ನಡ ನಾಡೆಲ್ಲ ಒಂದೇ ರಾಜ್ಯವಾಗಿ ಗಡಿಯ ಸುಂಕದ ನಾಕಾ ಕಿತ್ತುಹಾಕಿದ ಮರುವರ್ಷ, ಕೊಯ್ಲು ಹತ್ತಿರವಿದ್ದಾಗ, ಸಂತೆಯಿಂದ ಬಂದವನೊಬ್ಬ ಜಟ್ಟಪ್ಪನಿಗೆ ಸುದ್ದಿ ತಂದ: “ನಿಮ್ಮಪ್ಪನ ಕೈ ಮುರದೈತಿ. ಮುರದಾಂವ ನಿಮ್ಮಣ್ಣ.”

ಜಟ್ಟಪ್ಪ ಗಾಡಿ ಕಟ್ಟಿಕೊಂಡು ಹುಟ್ಟಿದೂರಿಗೆ ಹೋದ. ಅಪ್ಪ ಸಣ್ಣಪ್ಪ ದನದ ಕೊಟ್ಟಿಗೆಯಲ್ಲಿ ಮಲಗಿದ್ದ. ಬಲಗೈಗೆ ಬಿದಿರಿನ ಸೀಳು ಕಟ್ಟಿತ್ತು. ಕೈ ಸೊಟ್ಟಗೆ ಕೂಡುತ್ತಿತ್ತು. ಅಣ್ಣ ಹನುಮಂತಪ್ಪ ಅಂಗಳದಲ್ಲಿ ನೊಗ ಕೆತ್ತುತ್ತಿದ್ದವನು ಏಳಲೂ ಇಲ್ಲ.

“ಹೌದು, ನಾನ ಹೊಡದೇನಿ. ಒನಕೀಲೆ ಹೊಡದೇನಿ. ಕೂಸಿನ ಕೈಯಾಗಿನ ರೊಟ್ಟಿ ಕಸ್ಕೊಂಡ. ಐದು ಮಕ್ಕಳು ಅದಾವು ನಂಗ.”

ಜಟ್ಟಪ್ಪ ಅಲ್ಲೇ ಬಿದ್ದಿದ್ದ ನೊಗದ ಗೂಟ ಎತ್ತಿ ಅಣ್ಣನ ಬಾಯಿಗೆ ಬಾರಿಸಿದ. ಹನುಮಂತಪ್ಪ ನೊಗ ಕೆತ್ತುವ ಬಾಚಿ ಬೀಸಿದ; ಅದು ಜಟ್ಟಪ್ಪನ ತೊಡೆ ಸೀಳಿತು. ಇಬ್ಬರೂ ಅಂಗಳದ ಸಗಣಿಯಲ್ಲಿ ಹೊರಳಾಡಿದರು. ಒಬ್ಬನ ಕುತ್ತಿಗೆ ಇನ್ನೊಬ್ಬನ ಕೈಯಲ್ಲಿತ್ತು. ಮಕ್ಕಳು ಒಲೆಯ ಮರೆಗೆ ಓಡಿದವು. ಕಡೆಗೆ ಸಣ್ಣಪ್ಪನೇ ಕೊಟ್ಟಿಗೆಯಿಂದ ತೆವಳಿಕೊಂಡು ಬಂದು ಎಡಗೈಯಿಂದ ಇಬ್ಬರ ಮೇಲೂ ಕಲಗಚ್ಚು ಎರಚಿದ.

ಹನುಮಂತಪ್ಪ ಮುರಿದ ಹಲ್ಲನ್ನು ರಕ್ತದ ಜೊತೆ ಉಗಿದು ಹೇಳಿದ: “ನೀ ಅಲ್ಲಿ ಯಾರ್ಯಾರ ಅಪ್ಪಗೋ ಉಣ್ಣಾಕ ಹಾಕ್ತಿ. ನಮ್ಮಪ್ಪಗ ಹಾಕಾಕ ನಾನೊಬ್ಬನ ಬೇಕೇನು?”

ತೊಡೆಯ ಗಾಯ ತಿಂಗಳೊಳಗೆ ಮಾಯಿತು. ಆ ಮಾತು ಮಾಯಲಿಲ್ಲ.

ಗಾಡಿಯಲ್ಲಿ ಬರುತ್ತಾ ಸಣ್ಣಪ್ಪ ಹುಲ್ಲಿನ ಮೇಲೆ ಒರಗಿಕೊಂಡು ಆಕಾಶ ನೋಡುತ್ತಿದ್ದ.

“ಅಲ್ಲೋ ಜಟ್ಯಾ, ನಿಮ್ಮೂರಾಗ ನಂಗೇನು ಕೆಲಸ?”

“ಕೆಲಸ ಏನೂ ಇಲ್ಲಪಾ. ಕುಂದ್ರು, ಉಣ್ಣು.”

“ದುಡೀಲಾರದ ಉಣ್ಣಾದು ಹ್ಯಾಂಗೋ? ಗಂಟಲಾಗ ಇಳೀತೈತೇನು?” ಆಮೇಲೆ ನಕ್ಕ. “ಕೈ ಹೋತು. ದನಿ ಹೋಗಿಲ್ಲ ನೋಡು. ನಾ ಹುಲುಸು ಕೂಗಿದ್ರ ಆಚೀ ಊರಿನ ಎತ್ತು ನೀರು ಕುಡಿಯಾದು ಬಿಟ್ಟು ನಿಲ್ತಿದ್ವು.”

ಅವರ ಕಡೆ ಜೋಳದ ರಾಶಿಯ ಮುಂದೆ ಊರಿನ ಹಿರಿಯನೊಬ್ಬ ನಿಂತು ‘ಹುಲುಸೋ ಹುಲುಸು’ ಎಂದು ದಿಕ್ಕುದಿಕ್ಕಿಗೂ ಕೇಳುವಂತೆ ಕೂಗಬೇಕು. ಕೂಗಿದಷ್ಟು ದೂರದ ಲಕ್ಷ್ಮಿಯೂ ರಾಶಿಗೆ ಬಂದು ಸೇರುತ್ತಾಳೆ. ಕೂಗಿದವನಿಗೆ ಒಂದು ಮೊರ ಕಾಳು. ಸಣ್ಣಪ್ಪ ಆ ಸೀಮೆಯಲ್ಲೇ ಹೆಸರಾದ ಕೂಗುಗಾರ. ಜಟ್ಟಪ್ಪ ಎತ್ತಿನ ಬಾಲ ತಿರುವುತ್ತಾ ಹೂಂ ಅಂದ. ಅವನ ತಲೆಯಲ್ಲಿ ಕಂಬಳಿಯೊಂದೇ ಇತ್ತು. ಮೂವರು ಮುದುಕರು, ಹೆಂಡತಿ, ಕೂಸು, ಈಗ ಅಪ್ಪ. ಅವನ ಪಾಲಿನ ಭತ್ತ ಯುಗಾದಿಯ ಆಚೆಗೆ ಬರುವಂತಿರಲಿಲ್ಲ. ಅಪ್ಪನಿಗೆ ಕಂಬಳಿಯ ಮೇಲೆ ಜಾಗ ಸಿಕ್ಕರೆ ಬದುಕು. ಇಲ್ಲವಾದರೆ ಆರರಲ್ಲಿ ಒಬ್ಬರ ಅನ್ನ ಕೀಳಬೇಕು.

ಗುಡಿಯ ಕಟ್ಟೆಯ ಮೇಲೆ ಪಟೇಲರು ವಿಭೂತಿ ಒಣಗದ ಹಣೆಯಲ್ಲಿ ಕೂತಿದ್ದರು. ಜಟ್ಟಪ್ಪ ಕೆಳಗೆ ನಿಂತು ಕೇಳಿದ.

“ನಿನ್ನ ಗುಡಿಸಲಲ್ಲಿ ಇಟ್ಕೊಳೋ, ಯಾರು ಬ್ಯಾಡ ಅಂದ್ರು?” ಎಂದರು ಪಟೇಲರು. “ಕಂಬಳಿ ಮಾತ್ರ ಆಗಲ್ಲ. ಅದು ಈ ಊರಿಗೆ ಬೆವರು ಸುರಿಸಿದೋರಿಗೆ.”

“ನನ್ನ ಬೆವರು ಸಾಲಂಗಿಲ್ಲೇನ್ರಿ? ಮೂರು ಮಂದಿ ಕೆಲಸ ಮಾಡ್ತೀನಿ.”

“ಮೂರು ಮಂದಿ ಗದ್ದೇನೂ ಉಣ್ತೀಯಲ್ಲ.”

“ಉಣ್ಣೋರು ಯಾರ್ರಿ ಪಟೇಲ್ರೆ? ನಿಮ್ಮೂರ ಮುದುಕ್ರು!”

“ನೋಡಪ್ಪ, ಇವತ್ತು ನಿನ್ನಪ್ಪ. ನಾಳೆ ನಿನ್ನ ಮಾವ. ನಾಕಾ ಕಿತ್ತಾರೆ ಅಂತ ಗಡಿಯಾಚೆ ಮುದುಕ್ರೆಲ್ಲ ಗಾಡಿ ಹತ್ತಿದ್ರೆ ನಮ್ಮ ಕಣ ಸಾಲುತ್ತಾ? ಹೋಗು, ತೂಬು ನೋಡು ಹೋಗು.”

ಆ ಸಂಜೆ ಮೂವರು ಮುದುಕರು ಎಂದಿನಂತೆ ತಟ್ಟೆ ಹಿಡಿದು ಜಗಲಿಗೆ ಬಂದರು. ಹೂವಮ್ಮ ಮಾಸ್ತಪ್ಪನ ತಟ್ಟೆಗೆ ಅನ್ನ ಬಡಿಸಿ ಸಾರು ಹಾಕುತ್ತಿದ್ದಳು. ಮೂಲೆಯಲ್ಲಿ ಸಣ್ಣಪ್ಪ, ತನಗೆ ಹಸಿವಿಲ್ಲವೆಂದು ಹೇಳಿ, ಗೋಡೆಗೆ ಮುಖ ಮಾಡಿ ಕೂತಿದ್ದ. ಜಟ್ಟಪ್ಪ ಕೆರೆಯಿಂದ ಬಂದವನು ಇದನ್ನು ನೋಡಿದ. ಕಾಲು ಎತ್ತಿ ಮಾಸ್ತಪ್ಪನ ತಟ್ಟೆಗೆ ಒದ್ದ. ಬಿಸಿ ಸಾರು ಮುದುಕನ ಮುಖಕ್ಕೆ, ಎದೆಗೆ ಹಾರಿತು. ಮಾಸ್ತಪ್ಪ ಕೂಗಿಕೊಂಡು ಜಗಲಿಯಿಂದ ಕೆಳಗೆ ಬಿದ್ದ.

“ನಮ್ಮಪ್ಪ ಉಪಾಸ ಕುಂತಾನ. ನಿಮಗೇನು ಊಟ? ಏಳ್ರಿ! ಹೋಗಿ ಪಟೇಲನ ಬಾಗಲಾಗ ಕುಂದ್ರಿ!” ದೊಡ್ಡಬೀರಪ್ಪನ ರಟ್ಟೆ ಹಿಡಿದು ಎಳೆದು ಬೀದಿಗೆ ನೂಕಿದ. ಕುರುಡ ಎರಡೂ ಕೈ ಚಾಚಿ ಗೋಡೆ ಹುಡುಕುತ್ತಾ ಕಲ್ಲಿಗೆ ಎಡವಿ ಮುಖ ತರಚಿಕೊಂಡ. ತಡೆಯಲು ಬಂದ ಹೂವಮ್ಮನ ಕೆನ್ನೆಗೂ ಏಟು ಬಿತ್ತು.

ಬೆಳಗಾಗುತ್ತಲೇ, ಕೊಯ್ಲಿಗೆಂದು ಬೇರೆ ಊರಿನಿಂದ ತರಿಸಿದ್ದ ಪಟೇಲರ ಆಳುಗಳು ಜಟ್ಟಪ್ಪನನ್ನು ಕೆರೆಯ ಏರಿಯ ಮೇಲೆ ಹಿಡಿದರು. ಏರಿಯ ಹುಣಸೆಮರಕ್ಕೆ ಕಟ್ಟಿದರು. ಪಟೇಲರು ಬಾರುಕೋಲು ತಾವೇ ಹಿಡಿದರು. ಅವರೂ ಅರವತ್ತು ದಾಟಿದವರು. ಹೊಡೆಯುತ್ತಾ ಹೊಡೆಯುತ್ತಾ ಅವರಿಗೇ ಏದುಸಿರು ಬಂತು. ಜಟ್ಟಪ್ಪನ ಬೆನ್ನಿನ ಚರ್ಮ ಬಿರಿದು ಪಂಚೆಯವರೆಗೆ ರಕ್ತ ಇಳಿಯಿತು. ಅವನು ಹಲ್ಲು ಕಚ್ಚಿಕೊಂಡಿದ್ದ.

ಸುಟ್ಟ ಮುಖಕ್ಕೆ ಬೆಣ್ಣೆ ಬಳಿದುಕೊಂಡ ಮಾಸ್ತಪ್ಪ ಕೋಲೂರಿಕೊಂಡು ಏರಿ ಹತ್ತಿದ. ಅವನ ಹಿಂದೆ, ದೊಡ್ಡಬೀರಪ್ಪನ ಕೈ ಹಿಡಿದುಕೊಂಡು, ಮೂಕಮ್ಮ. ಹೆಸರಿಗೆ ಮೂಕಮ್ಮ; ಊರಿನಲ್ಲಿ ಅವಳಷ್ಟು ಬಾಯಿ ಇನ್ಯಾರಿಗೂ ಇರಲಿಲ್ಲ. ಪಟೇಲರನ್ನೇ ಹೊಟ್ಟೆಯಿಂದ ಎಳೆದು ಈಚೆಗೆ ಹಾಕಿದ ಕೈ ಅವಳದು.

“ಹೊಡೀರಿ ಪಟೇಲ್ರೆ, ಹೊಡೀರಿ. ನಮ್ಮನ್ನ ಹೊರೋ ಹೆಗಲು ಊರಲ್ಲಿ ಇದೊಂದೇ ಇರೋದು. ಅದನ್ನೂ ಮುರೀರಿ. ಆಮೇಲೆ ನಮ್ಮ ಹೆಣ ನಾವೇ ಹೊತ್ಕೊಂಡು ಹೋಗ್ತೀವಿ.”

“ನಿಮಗೆ ಒದ್ದೋನು ಕಣೇ ಇವ್ನು!”

“ಒದ್ದ. ಇಷ್ಟು ವರ್ಷ ಅನ್ನ ಹಾಕಿದ, ಒಂದಿನ ಒದ್ದ. ನನ್ನ ಹೊಟ್ಟೇಲಿ ಹುಟ್ಟಿದೋನಾಗಿದ್ರೆ ದಿನಾ ಒದೀತಿದ್ನೋ ಏನೋ.” ಅವಳು ಬಾರುಕೋಲು ಹಿಡಿದುಕೊಂಡಳು. “ಕೇಳ್ರಿ. ಅವನಪ್ಪ ಕಂಬಳಿ ಮೇಲೆ ಕೂರದಿದ್ರೆ ನಾವು ಮೂರೂ ಜನ ಕೂರಲ್ಲ. ಖಾಲಿ ಕಂಬಳಿ ಹಾಸಿ ರಾಶಿ ಅಳೀರಿ. ಈಶ್ವರ ನೋಡ್ಕೊಳ್ಲಿ.”

ಖಾಲಿ ಕಂಬಳಿಯ ಮುಂದೆ ರಾಶಿ ಅಳೆದ ನೆನಪು ಯಾರಿಗೂ ಇರಲಿಲ್ಲ. ಪಟೇಲರು ಬಾರುಕೋಲನ್ನು ಅವಳ ಕೈಯಲ್ಲೇ ಬಿಟ್ಟರು. “ಬಿಚ್ರೋ ಅವನ್ನ” ಎಂದರು. ಇಳಿದು ಹೋಗುವಾಗ ತಿರುಗದೆಯೇ ಹೇಳಿದರು: “ಕೂರಲಿ ಅವನಪ್ಪ. ಬಾಯಿ ಮುಚ್ಕೊಂಡು ಕೂರಲಿ.”

ಪುಷ್ಯ ಮಾಸದಲ್ಲಿ ರಾಶಿಯಾಯಿತು. ಜಟ್ಟಪ್ಪ ಅಪ್ಪನಿಗೆ ಮೀಯಿಸಿ, ಒಗೆದ ಪಂಚೆ ಉಡಿಸಿ, ಹೇಳಬೇಕಾದ್ದನ್ನೆಲ್ಲ ಹೇಳಿದ. ಎಲ್ಲಿ ಕೂರಬೇಕು, ಅಂಚನ್ನು ಹೇಗೆ ಹಿಡಿಯಬೇಕು, ಪಟೇಲರು ನೋಡುವಾಗ ತಲೆ ಬಗ್ಗಿಸಬೇಕು.

“ಕಣದಾಗ ಮಾತಾಡಬ್ಯಾಡ, ಯಪ್ಪಾ. ಒಂದು ಮಾತೂ.”

“ನಾ ಯಾರ ಕೂಡ ಮಾತಾಡಲೋ? ನಂಗ್ಯಾರು ಗುರ್ತು ಇಲ್ಲಿ?”

ಕೂಗಬೇಡ ಎಂದು ಜಟ್ಟಪ್ಪ ಬೇರೆಯಾಗಿ ಹೇಳಲಿಲ್ಲ. ಮಾತಾಡಬೇಡ ಎಂದ ಮೇಲೆ ಅದೂ ಬಂತೆಂದು ಅವನು ತಿಳಿದ. ಸಣ್ಣಪ್ಪನಿಗೆ ಕೂಗು ಮಾತಲ್ಲ, ಅದು ದುಡಿಮೆ.

ನಡುಮಧ್ಯಾಹ್ನ. ಕಣದ ನಡುವಿನ ಮೇಟಿಕಂಬದ ಬುಡದಲ್ಲಿ ಭತ್ತ ಗುಡ್ಡದಂತೆ ನಿಂತಿತ್ತು. ಬೂದಿಯ ಗೆರೆ ಎಳೆದಾಗಿತ್ತು. ಊರೆಲ್ಲ ಸುತ್ತ ನಿಂತು ಉಸಿರು ಬಿಗಿಹಿಡಿದಿತ್ತು. ಎತ್ತುಗಳ ಕೊರಳ ಗಂಟೆಗೂ ಹುಲ್ಲು ತುರುಕಿದ್ದರು. ಗಂಗಾಧರಪ್ಪನವರು ಕೊಳಗ ಹಿಡಿದು ನಿಂತರು. ಕಂಬಳಿಯ ಮೇಲೆ ನಾಲ್ವರು. ಸಣ್ಣಪ್ಪ ಎಡಗೈಯಲ್ಲಿ ಅಂಚು ಹಿಡಿದಿದ್ದ.

ಪಟೇಲರು ಬಂದು ಮಾಸ್ತಪ್ಪನನ್ನು ನೋಡಿದರು, ದೊಡ್ಡಬೀರಪ್ಪನನ್ನು ನೋಡಿದರು, ಮೂಕಮ್ಮನನ್ನು ನೋಡಿದರು. ಸಣ್ಣಪ್ಪನ ಮುಂದೆ ಬಂದಾಗ ಒಂದು ಗಳಿಗೆ ನಿಂತರು. ಮುದುಕ ತಲೆ ಬಗ್ಗಿಸಿದ. ಪಟೇಲರು ಅವನ ಸೊಟ್ಟ ಕೈ ನೋಡಿದರು. ಅವರ ಅಂಗೈ ನಿಧಾನವಾಗಿ ಮೇಲೇಳತೊಡಗಿತು.

ಆಗ ಸಣ್ಣಪ್ಪ ರಾಶಿಯ ಕಡೆ ಕಣ್ಣೆತ್ತಿದ. ಅಷ್ಟು ಭತ್ತವನ್ನು ಅವನು ತನ್ನ ಜನ್ಮದಲ್ಲಿ ಒಂದೇ ಕಡೆ ಕಂಡಿರಲಿಲ್ಲ. ಕೂಗುವವರು ಯಾರೂ ಇಲ್ಲ. ಇಂಥ ರಾಶಿ ಮೂಕವಾಗಿ ಅಳತೆಯಾಗುತ್ತಿದೆ. ಹೊರಗಿನವನಾದ ತನಗೆ ಅನ್ನ ಕೊಡುವವರಿಗೆ ತಾನು ಕೊಡಬಹುದಾದ್ದು ಇದೊಂದೇ. ಅವನು ಅಂಚು ಬಿಟ್ಟು ಎದ್ದು ನಿಂತ. ಎದೆ ತುಂಬ ಉಸಿರು ತೆಗೆದುಕೊಂಡ.

“ಹುಲುಸೋ... ಹುಲುಸು!”

ಆ ದನಿ ಕಣ ದಾಟಿ, ಕೆರೆ ದಾಟಿ, ಆಚೆಯ ಗುಡ್ಡಕ್ಕೆ ಹೊಡೆದು ತಿರುಗಿ ಬಂತು. ಮೇಟಿಯ ತುದಿಯ ಕಾಗೆಗಳೆಲ್ಲ ಒಟ್ಟಿಗೆ ಹಾರಿದವು. ಸಣ್ಣಪ್ಪ ನಗುಮುಖದಿಂದ ಎರಡನೆಯ ದಿಕ್ಕಿಗೆ ತಿರುಗಿ ಬಾಯಿ ತೆರೆದ.

ಪಟೇಲರಿಗೆ ಕಂಡದ್ದು ಈ ಮುದುಕನಲ್ಲ. ಒಂದೇ ವಾರದಲ್ಲಿ ಹೂಳಿದ ಎರಡು ಹೆಣ. ಅವರು ಪಕ್ಕದಲ್ಲಿ ಒರಗಿಸಿದ್ದ, ಹುಲ್ಲು ತಿರುವುವ ಕೊಕ್ಕೆಕೋಲು ಎಳೆದು ಎರಡೂ ಕೈಯಿಂದ ಬೀಸಿದರು. ಕಬ್ಬಿಣದ ಕೊಕ್ಕೆ ಸಣ್ಣಪ್ಪನ ಕಿವಿಯ ಮೇಲೆ ಇಳಿಯಿತು. ಎರಡನೆಯ ಹುಲುಸು ಗಂಟಲಲ್ಲೇ ಉಳಿಯಿತು. ಮುದುಕ ರಾಶಿಯ ಮೇಲೆ ಮಗುಚಿದ. ತಲೆಯ ರಕ್ತ ಒಣ ಭತ್ತದೊಳಗೆ ಇಂಗುತ್ತಾ ಇಳಿಯಿತು.

ಯಾರೂ ಬಾಯಿ ಬಿಡಲಿಲ್ಲ. ರಾಶಿ ಇನ್ನೂ ಅಳತೆಯಾಗಿರಲಿಲ್ಲ.

ಜಟ್ಟಪ್ಪ ಬೂದಿಯ ಗೆರೆ ದಾಟಿ ಹಾರಿದ. ಅವನೂ ಕೂಗಲಿಲ್ಲ, ಈ ಊರಿನ ನಾಲ್ಕು ಸುಗ್ಗಿ ಅವನ ಮೈಗೂ ಆ ಮೌನ ಕಲಿಸಿದ್ದವು. ತಲೆಯಿಂದ ಪಟೇಲರ ಎದೆಗೆ ಗುದ್ದಿದ. ಇಬ್ಬರೂ ಬಿದ್ದರು. ಪಟೇಲರ ಆಳುಗಳು ಅವನ ಬೆನ್ನಿನ ಮಾಯದ ಬಾಸುಂಡೆಗಳ ಮೇಲೆ ಕೋಲಿನಿಂದ ಹೊಡೆದರು. ಒಬ್ಬನ ಮೊಣಕಾಲಿಗೆ ಅವನು ಒದ್ದ, ಮೂಳೆ ಲಟಕ್ಕೆಂದಿತು, ಆ ಆಳು ಪಂಚೆಯ ಸೆರಗು ಬಾಯಿಗೆ ತುರುಕಿಕೊಂಡು ಹೊರಳಾಡಿದ. ಇನ್ನೊಬ್ಬ ಅವನ ಕೂದಲು ಹಿಡಿದು ಮುಖವನ್ನು ನೆಲಕ್ಕೆ ಅಪ್ಪಳಿಸಿದ. ಮೂಗಿನಿಂದ ರಕ್ತ ಸುರಿಯುತ್ತಿದ್ದರೂ ಜಟ್ಟಪ್ಪ ಪಟೇಲರ ಬಲಗೈ ಬಿಡಲಿಲ್ಲ. ಅದನ್ನು ಒಕ್ಕಣೆಯ ರೋಣಗಲ್ಲಿನ ಅಂಚಿಗೆ ಇಟ್ಟು ಮೊಣಕಾಲಿನಿಂದ ಒತ್ತಿದ. ಹಸಿ ಬಿದಿರು ಸೀಳಿದಂತೆ ಸದ್ದಾಯಿತು. ಪಟೇಲರ ಬಾಯಿ ತೆರೆಯಿತು, ಕಣ್ಣು ಹೊರಬಂದವು, ದನಿ ಬರಲಿಲ್ಲ. ಶಕುಂತಲಮ್ಮ, ಪಟೇಲರ ಹೆಂಡತಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ಕಣದ ಅಂಚಿನಲ್ಲೇ ಕುಸಿದು ಕೂತಳು. ಅಷ್ಟು ಜನರ ಕಣದಲ್ಲಿ ಕೇಳುತ್ತಿದ್ದದ್ದು ಏಟಿನ ಸದ್ದು, ಏದುಸಿರಿನ ಸದ್ದು, ತುಳಿದ ಹುಲ್ಲಿನ ಸದ್ದು. ಗುಡಿಯೊಳಗೆ ಜಗಳವಾಗಬಾರದೆನ್ನುತ್ತೇವೆ, ಗುಡಿಯ ಮೌನವನ್ನು ಇಟ್ಟುಕೊಂಡೇ ಮನುಷ್ಯ ಮನುಷ್ಯನನ್ನು ಕೊಲ್ಲಬಲ್ಲ.

ಜಟ್ಟಪ್ಪನ ಕೈಗೆ ಕುಡುಗೋಲು ಸಿಕ್ಕಿತು. ಅದನ್ನು ಪಟೇಲರ ಕುತ್ತಿಗೆಗೆ ಕೊಟ್ಟು ಎದೆಯ ಮೇಲೆ ಕೂತ. ಆಳುಗಳು ನಿಂತುಬಿಟ್ಟರು.

ಆಗ ಮೂಕಮ್ಮ ಎದ್ದಳು. ಸಣ್ಣಪ್ಪನ ಕಂಕುಳಿಗೆ ಕೈ ಹಾಕಿ ರಾಶಿಯಿಂದ ಎಳೆಯತೊಡಗಿದಳು. ಮಾಸ್ತಪ್ಪ ಕೋಲು ಎಸೆದು ಕಾಲು ಹಿಡಿದ. ಕಣ್ಣು ಕಾಣದ ದೊಡ್ಡಬೀರಪ್ಪ ತಡಕಾಡಿ ಸೊಂಟ ಹಿಡಿದ. ಮೂವರೂ ಸೇರಿ ಅವನನ್ನು ಕಂಬಳಿಯ ನಡುವೆ ಕೂರಿಸಿದರು. ತಲೆ ವಾಲುತ್ತಿತ್ತು. ಮೂಕಮ್ಮ ಅದನ್ನು ತನ್ನ ಹೆಗಲಿಗೆ ಒರಗಿಸಿಕೊಂಡಳು. ಅವನ ಮೂಗಿನ ಬಳಿ ಬೆನ್ನಂಗೈ ಹಿಡಿದಳು. ಲೋಕಕ್ಕೆ ಬಂದ ಎಷ್ಟೋ ಕೂಸುಗಳ ಮೊದಲ ಉಸಿರನ್ನು ಆ ಕೈ ಕಾದಿತ್ತು. ಅವಳು ಕಾದಳು. ಆಮೇಲೆ ಏನೂ ಆಗದವಳಂತೆ ಅವನ ಎಡಗೈಯನ್ನು ಕಂಬಳಿಯ ಅಂಚಿನ ಮೇಲಿಟ್ಟು, ಬೆರಳುಗಳನ್ನು ಮಡಚಿ, ತನ್ನ ನಡುಗುವ ಕೈಯಿಂದ ಮೇಲೆ ಮುಚ್ಚಿ ಹಿಡಿದಳು. ಗಂಗಾಧರಪ್ಪನವರ ಕಡೆ ನೋಡಿದಳು.

ಗಂಗಾಧರಪ್ಪನವರು ಕೊಳಗ ಹಿಡಿದು ಪಟೇಲರ ಕಡೆ ನೋಡಿದರು. ಊರೆಲ್ಲ ನೋಡಿತು. ಜಟ್ಟಪ್ಪ ಮಾತ್ರ ಕಂಬಳಿಗೆ ಬೆನ್ನು ಮಾಡಿದ್ದ. ಅಪ್ಪನನ್ನು ಕೂರಿಸಿದ್ದು ಅವನ ಓರೆಗಣ್ಣಿಗೆ ಬಿದ್ದಿತ್ತು. ಕೂತಿದ್ದಾನೆ ಎಂದರೆ ಬದುಕಿದ್ದಾನೆ. ಕುಡುಗೋಲು ಅಲ್ಲೇ ನಿಂತಿತು.

ಪಟೇಲರು ಬಿದ್ದಲ್ಲಿಂದ ಕಂಬಳಿ ನೇರವಾಗಿ ಕಾಣುತ್ತಿತ್ತು. ಸಣ್ಣಪ್ಪನ ಅರೆತೆರೆದ ಕಣ್ಣಿನ ಮೇಲೆ ನೊಣ ಕೂತದ್ದು ಕಂಡಿತು. ರೆಪ್ಪೆ ಮಿಟುಕಲಿಲ್ಲ. ಹೆಣಕ್ಕೆ ಕಂಬಳಿಯಿಲ್ಲ. ಎಬ್ಬಿಸುವಂತೆ ಸನ್ನೆ ಮಾಡುವ ಅಧಿಕಾರ ಅವರದು. ಸನ್ನೆಗೆ ಬಾಯಿ ಬೇಕಿಲ್ಲ. ಅವರು ತಮ್ಮ ಇಬ್ಬರು ಮಕ್ಕಳ ಕಣ್ಣನ್ನು ಇದೇ ಬೆರಳುಗಳಿಂದ ಮುಚ್ಚಿದ್ದರು.

ಪಟೇಲರ ಮುರಿಯದ ಎಡಗೈ ನೆಲದಿಂದ ಎದ್ದಿತು. ಅಂಗೈ ಮೇಲಾಯಿತು.

ಗಂಗಾಧರಪ್ಪನವರು ಭತ್ತ ಸುರಿದರು. ಮಾಸ್ತಪ್ಪನಿಗೆ, ದೊಡ್ಡಬೀರಪ್ಪನಿಗೆ, ಮೂಕಮ್ಮನಿಗೆ. ಸಣ್ಣಪ್ಪನ ಮುಂದೆಯೂ ಸುರಿದರು. ಆಮೇಲೆ ರಾಶಿ ಅಳೆದರು; ರಕ್ತ ಬಿದ್ದ ಭಾಗವನ್ನು ಬೇರೆ ಸರಿಸಿ ಅಳೆದರು. ಅಷ್ಟೂ ಹೊತ್ತು ಜಟ್ಟಪ್ಪ ಪಟೇಲರ ಎದೆಯ ಮೇಲೆ ಕೂತೇ ಇದ್ದ, ಪಟೇಲರು ಬಿದ್ದೇ ಇದ್ದರು. ಕಡೆಯ ಕೊಳಗ ಸುರಿದು ಗಂಗಾಧರಪ್ಪನವರು ಹೇಳಿದರು:

“ಹುಲುಸಾಗಲಿ.”

ಒಮ್ಮೆಗೇ ಊರೆಲ್ಲ ಅತ್ತಿತು. ಕಟ್ಟೆ ಒಡೆದ ಕೆರೆಯಂತೆ.

ಜಟ್ಟಪ್ಪ ಎದ್ದು ಕಂಬಳಿಯ ಕಡೆ ಓಡಿದ. “ಯಪ್ಪಾ, ಆತು, ಸುರಿದ್ರು! ನೋಡಿಲ್ಲಿ, ನಿನ್ನ ಪಾಲು! ಯಪ್ಪಾ...” ಅಪ್ಪನ ಕೆನ್ನೆ ಮುಟ್ಟಿದ. ಕೈ ಹಿಂದಕ್ಕೆ ತೆಗೆದ. ಮೂಕಮ್ಮನನ್ನು ನೋಡಿದ.

“ಆಗಲೇ ಹೋದ ಕಣಪ್ಪ” ಎಂದಳು ಅವಳು. “ಏಟು ಬಿದ್ದಾಗಲೇ.”

ಕುಡುಗೋಲು ಇನ್ನೂ ಅವನ ಕೈಯಲ್ಲಿತ್ತು. ಅವನು ಮರಳಿ ಪಟೇಲರ ಹತ್ತಿರ ಬಂದ. ಪಟೇಲರು ಎದ್ದು ಕೂತಿದ್ದರು. ಓಡಲಿಲ್ಲ, ಕೈ ಅಡ್ಡ ಹಿಡಿಯಲಿಲ್ಲ.

“ಹೊಡಿ” ಎಂದರು. “ಕೂಗು ಕೇಳ್ತು, ಮಾತು ಕೇಳಲಿಲ್ಲ. ನಾನು ಶಾಪ ಅಂದ್ಕೊಂಡೆ. ಏನು ಕೂಗಿದ ಅವ್ನು?”

“ನಿಮಗ ಒಳ್ಳೇದಾಗ್ಲಿ ಅಂದ!” ಜಟ್ಟಪ್ಪ ಚೀರಿದ. “ನಿಮ್ಮೂರಿಗೆ ಒಳ್ಳೇದಾಗ್ಲಿ ಅಂತ ಕೂಗಿದ, ಕಿವುಡ ಸೂಳೇಮಗನ!” ಕುಡುಗೋಲು ಬೀಸಿದ. ಅದು ಪಟೇಲರ ಭುಜ ಸೀಳಿತು. ಮತ್ತೆ ಎತ್ತಿದ ಕೈಯನ್ನು ಮಾಸ್ತಪ್ಪ ಎರಡೂ ಕೈಯಿಂದ ತಬ್ಬಿ ಹಿಡಿದ. ಸಾರಿನಿಂದ ಸುಟ್ಟ ಅವನ ಮುಖ ಜಟ್ಟಪ್ಪನ ಮುಖದ ಎದುರಿಗೇ ಇತ್ತು.

“ಬ್ಯಾಡ ಮಗನೇ. ನೀನು ಜೈಲಿಗೆ ಹೋದ್ರೆ ನಾವು ಯಾರ ಜಗಲಿಗೆ ಹೋಗೋಣ?”

ಆ ಮಾತಿನಲ್ಲಿ ಕರುಣೆಯಿತ್ತೋ ಸ್ವಾರ್ಥವಿತ್ತೋ, ಹಸಿದ ಮುದಿಜೀವದಲ್ಲಿ ಅವೆರಡನ್ನೂ ಬೇರೆ ಮಾಡುವುದು ಕಷ್ಟ. ಜಟ್ಟಪ್ಪನ ಕೈ ಇಳಿಯಿತು.

ಅಂದೇ ಸಂಜೆ ಕಟ್ಟಳೆಯಂತೆ ಚಟ್ಟಕ್ಕೆ ಮೊದಲ ಹೆಗಲು ಪಟೇಲರದು. ಮುರಿದ ಕೈ ಎದೆಗೆ ಕಟ್ಟಿತ್ತು, ಸೀಳಿದ ಭುಜದ ಮೇಲೆ ಬಿದಿರು ಕೂತಿತ್ತು. ಹೆಜ್ಜೆಹೆಜ್ಜೆಗೂ ಬಟ್ಟೆ ಕೆಂಪಾಗುತ್ತಿತ್ತು. ಎದುರಿನ ಹೆಗಲು ಜಟ್ಟಪ್ಪನದು. ದಾರಿಯುದ್ದಕ್ಕೂ ಒಬ್ಬರನ್ನೊಬ್ಬರು ನೋಡಲಿಲ್ಲ. ರಕ್ತ ಬಿದ್ದ ಭತ್ತವನ್ನು ಗುಂಡಿಯಲ್ಲಿ ಸಣ್ಣಪ್ಪನ ಜೊತೆಗೇ ಹಾಕಿದರು. ಮಾರನೆಯ ದಿನ ಪಟೇಲರು ಗಾಡಿಯಲ್ಲಿ ಶಿಕಾರಿಪುರದ ಠಾಣೆಗೆ ಹೋಗಿ, ಹೊಡೆದವನು ನಾನು ಎಂದರು. ಕೈ ಮುರಿದವರು ಯಾರೆಂದು ಕೇಳಿದಾಗ ಬಿದ್ದೆ ಎಂದರು. ಶಿವಮೊಗ್ಗದ ಜೈಲಿಗೆ ಹೋದವರು ಮಳೆಗಾಲದಲ್ಲಿ ಅಲ್ಲೇ ಲಿಂಗೈಕ್ಯರಾದರು.

ಜಟ್ಟಪ್ಪ ಊರು ಬಿಡಬೇಕೆಂದು ಗಾಡಿಗೆ ಸಾಮಾನು ಏರಿಸಿದ್ದುಂಟು. ಹೂವಮ್ಮ ಕೂಸನ್ನು ಎತ್ತಿಕೊಂಡು ಹೇಳಿದಳು: “ಮಾವನ್ನ ಇಲ್ಲೇ ಬಿಟ್ಟು ಹೋಗಾದಾ?” ಅವನು ಸಾಮಾನು ಇಳಿಸಿದ. ಹೊತ್ತು ಮುಳುಗುವ ಮುಂಚೆ ಮೂರು ತಟ್ಟೆಗಳು ಜಗಲಿಗೆ ಬಂದವು. ಅನ್ನ ಹಾಕಿದ, ಮಾತಾಡಿಸಲಿಲ್ಲ.

ಮರುವರ್ಷದ ಸುಗ್ಗಿ. ಪಟೇಲಿಕೆ ಈಗ ಗಂಗಾಧರಪ್ಪನವರಿಗೆ ಬಂದಿತ್ತು. ಕೊಳಗ ಹಿಡಿಯುವ ಗಟ್ಟಿ ಕೈ ಊರಿನಲ್ಲಿ ಒಂದೇ. ಅದು ಜಟ್ಟಪ್ಪನಿಗೆ ಬಂತು. ಬೂದಿಯ ಗೆರೆ ಎಳೆದಾಯಿತು. ಕಣ ಮೌನವಾಯಿತು. ಕಂಬಳಿಯ ಮೇಲೆ ಮೂವರು ಕೂತರು. ಸಣ್ಣಪ್ಪನ ಜಾಗ ಬಿಟ್ಟುಕೊಂಡು ಕೂತರು.

ಆಗ ಶಕುಂತಲಮ್ಮ ಬಂದಳು. ಆನವಟ್ಟಿಯ ತವರಿನವರು ಕರೆದೊಯ್ದಿದ್ದರು. ಅಲ್ಲಿನ ಸೊಸೆಯಂದಿರು ಆರು ತಿಂಗಳು ಇಟ್ಟುಕೊಂಡು ಹಿಂದಕ್ಕೆ ಕಳಿಸಿದ್ದರು. ಗದ್ದೆ ಕೋರ್ಟು ಖರ್ಚಿಗೆ ಹೋಗಿತ್ತು. ಬೋಳು ಹಣೆಯಲ್ಲಿ ವಿಭೂತಿ ಮಾತ್ರವಿತ್ತು. ಅವಳು ಯಾರ ಮುಖವನ್ನೂ ನೋಡದೆ ಕಂಬಳಿಯ ಆ ಖಾಲಿ ಜಾಗದಲ್ಲಿ ಕೂತು ಅಂಚು ಹಿಡಿದಳು.

ಗಂಗಾಧರಪ್ಪನವರು ಅವಳ ಮುಂದೆ ನಿಂತು ಅಂಗೈ ಎತ್ತಿದರು. ಎತ್ತಿ, ಜಟ್ಟಪ್ಪನ ಕಡೆ ನೋಡಲಾರದೆ, ತಲೆ ತಗ್ಗಿಸಿದರು.

ಜಟ್ಟಪ್ಪ ಮೊದಲ ಮೂವರಿಗೆ ಸುರಿದ. ನಾಲ್ಕನೆಯದಕ್ಕೆ ಕೊಳಗ ತುಂಬಿ ಬಂದು ನಿಂತ. ಹೂವಮ್ಮ ಕಣ್ಣು ಮುಚ್ಚಿಕೊಂಡಳು. ಎಲ್ಲೋ ಒಂದು ಎತ್ತು ಮೂಗಿನಿಂದ ಉಸಿರು ಬಿಟ್ಟಿತು.

ಅವನು ಕೊಳಗವನ್ನು ಎದೆಯ ಮಟ್ಟಕ್ಕೆ ಎತ್ತಿ ಕಲ್ಲೆಸೆಯುವವನಂತೆ ಬೀಸಿದ. ಭತ್ತ ಅವಳ ಮುಖಕ್ಕೆ, ಕಣ್ಣಿಗೆ, ತೆರೆದ ತುಟಿಗೆ ರಪ್ಪನೆ ಬಡಿಯಿತು. ಮೊನಚು ತಗುಲಿ ಕೆನ್ನೆಯಲ್ಲಿ ಅಲ್ಲಲ್ಲಿ ರಕ್ತ ಜಿನುಗಿತು. ಶಕುಂತಲಮ್ಮ ಕಣ್ಣು ಒರೆಸಿಕೊಳ್ಳಲಿಲ್ಲ. ಒರೆಸಿಕೊಂಡರೆ ಅಂಚು ಬಿಡಬೇಕಾಗುತ್ತಿತ್ತು. ಎರಡೂ ಕೈಯಲ್ಲಿ ಕಂಬಳಿ ಹಿಡಿದೇ ಇದ್ದಳು. ಹಾರಿದ ಕಾಳುಗಳು ಅವಳ ಮಡಿಲಿಗೆ ಉದುರಿದವು.

ಕೊಳಗದ ತಳದಲ್ಲಿ ಒಂದಿಷ್ಟು ಉಳಿದಿತ್ತು. ಜಟ್ಟಪ್ಪ ಅದನ್ನು ನೋಡಿದ. ಬಗ್ಗಿ, ಅದನ್ನೂ ಅವಳ ಮುಂದೆ ಸುರಿದು, ಬುಡ ತಟ್ಟಿ, ರಾಶಿಯ ಕಡೆ ತಿರುಗಿದ.